ಅಪ್ಪನನ್ನು ಕೇಳಿ ಹೇಳುತ್ತೇನೆ

2015 ಸೆಪ್ಟೆಂಬರ್ 6, ರವಿವಾರ

ಈ ಮನೆಯಲ್ಲಿ ನನ್ನ ದಿನಚರಿಗೆ ಬೀಗ ಬೇಕಾಗಿಲ್ಲ. ಮಗಳು ಮಧುರಾಗೆ ಕನ್ನಡ ಓದಲು ಬರುವುದಿಲ್ಲ, ಗಂಡ ಕಲ್ಮೇಶ್‌ಗೆ ಪುರುಸೊತ್ತಿಲ್ಲ. ಊರಿನಿಂದ ಆರು ತಿಂಗಳಿಗೆಂದು ಅಮೆರಿಕಕ್ಕೆ ಬಂದಿರುವ ಅತ್ತೆಗೆ ಓದಲು ಬರುತ್ತದೆ, ಆದರೆ ಅವರು ಕನ್ನಡಕ ಹುಡುಕುವಷ್ಟರಲ್ಲಿ ನಾನು ಇದನ್ನು ಬೇಳೆ ಡಬ್ಬಿಯ ಹಿಂದೆ ಸರಿಸಿಬಿಡಬಹುದು. ಹಾಗಾಗಿ ನೇರವಾಗಿಯೇ ಬರೆಯುತ್ತೇನೆ. ಮಧುರಾ ಇಲ್ಲಿನ ಸೈನ್ಯದಲ್ಲಿ ಅಧಿಕಾರಿ ಆಗುತ್ತಾಳಂತೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದಳು. ಹೇಳಿದ್ದು ಇಂಗ್ಲಿಷಿನಲ್ಲೇ, ಅವಳು ನಮಗೆ ಉತ್ತರ ಕೊಡುವುದೇ ಹಾಗೆ. ಇಲ್ಲಾದರೂ ಅವಳ ಬಾಯಲ್ಲಿ ಕನ್ನಡ ಬರಲಿ ಎಂದು ನಾನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.

"ಅಮ್ಮ, ಅಪ್ಪ, ನಾನು ಆರ್ಮಿ ಆಫೀಸರ್ ಆಗ್ಬೇಕು ಅಂತಿದೀನಿ. ಸುಮ್ನೆ ಹೇಳ್ತಿಲ್ಲ."

ಕಲ್ಮೇಶ್ ಮೊಸರಿನ ಚಮಚ ಎತ್ತಿದವರು ಹಾಗೇ ಹಿಡಿದುಕೊಂಡು ಕೂತರು.

"ಏನಂತಾಳ ಆಕಿ?" ಎಂದು ಅತ್ತೆ ಕೇಳಿದರು.

"ಮಿಲಿಟರಿ ಸೇರ್ತಾಳಂತ, ಅವ್ವಾ" ಎಂದರು ಕಲ್ಮೇಶ್.

"ಅಲ್ಲಿ ಉಣ್ಣಾಕ ರೊಟ್ಟಿ ಸಿಗತೈತೇನು?"

ನನಗೆ ಹೆದರಿಕೆಯಾಯಿತು. ಇರುವವಳೊಬ್ಬಳೇ ಮಗಳು. ತೋರಿಸಿಕೊಳ್ಳದೆ ಅವಳ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದೆ. ಈಗ ಬೇಡ ಅಂದರೆ ಹಟ ಹಿಡಿಯುತ್ತಾಳೆ, ಅದು ಅವರಪ್ಪನ ಕಡೆಯಿಂದ ಬಂದ ಆಸ್ತಿ.

2015 ಸೆಪ್ಟೆಂಬರ್ 12, ಶನಿವಾರ

ಈ ವಾರವೆಲ್ಲ ಕ್ಯಾನ್ಯನ್ ಪಾರ್ಕಿನ ಲ್ಯಾಬಿನಲ್ಲಿ ಕೆಲಸದ ನಡುವೆ ಕದ್ದುಮುಚ್ಚಿ ಓದಿದ್ದು ಇದನ್ನೇ. ಅಧಿಕಾರಿಯಾಗಲು ಇಲ್ಲಿ ಮೂರು ದಾರಿ. ವೆಸ್ಟ್ ಪಾಯಿಂಟ್ ಎಂಬ ಅಕಾಡೆಮಿ ಒಂದು, ಅದು ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕಿನ ಕಡೆ. ನಾಲ್ಕು ವರ್ಷ ಅವರು ಏಳು ಅಂದಾಗ ಏಳಬೇಕು, ಕೂಡು ಅಂದಾಗ ಕೂಡಬೇಕು. ಆರ್‌ಒಟಿಸಿ ಅಂತ ಇನ್ನೊಂದು, ನಮ್ಮ ಕಾಲೇಜಿನ ಎನ್‌ಸಿಸಿ ಇದ್ದ ಹಾಗೆ, ಆದರೆ ಆಟಕ್ಕಲ್ಲ. ಇಲ್ಲೇ ಸಿಯಾಟಲ್‌ನ ಯೂನಿವರ್ಸಿಟಿಯಲ್ಲಿ ಎಲ್ಲರಂತೆ ಓದುತ್ತ, ಬೆಳಗಿನ ಜಾವ ಡ್ರಿಲ್ ಮಾಡುತ್ತ, ಡಿಗ್ರಿ ಕೈಗೆ ಬರುವ ದಿನವೇ ಅಧಿಕಾರಿಯಾಗಿ ಹೊರಬರುವುದು. ಮೂರನೆಯದು ನನಗೆ ಓದಿದ ಕೂಡಲೇ ಹಿಡಿಸಿತು. ಸೈನ್ಯದ ಗೋಜಿಲ್ಲದೆ ಡಿಗ್ರಿ ಮುಗಿಸುವುದು, ಆಮೇಲೂ ಮನಸ್ಸಿದ್ದರೆ ಅಧಿಕಾರಿಗಳ ತರಬೇತಿ ಶಾಲೆಗೆ ಸೇರುವುದು.

ಆಮೇಲೂ ಮನಸ್ಸಿದ್ದರೆ. ಈ ಮಾತು ಓದಿ ಹಾಲು ಕುಡಿದಷ್ಟು ಸಂತೋಷವಾಯಿತು. ನಾಲ್ಕು ವರ್ಷ ಕಡಿಮೆಯೇನಲ್ಲ. ಅಷ್ಟರಲ್ಲಿ ಒಂದು ಒಳ್ಳೆಯ ಕೆಲಸ ಸಿಗುತ್ತದೆ, ಗೆಳತಿಯರು ಬದಲಾಗುತ್ತಾರೆ, ದೇವರು ಕಣ್ಣು ಬಿಟ್ಟರೆ ಒಬ್ಬ ಹುಡುಗನೂ ಸಿಗುತ್ತಾನೆ. ಈ ಹುಚ್ಚು ತಾನಾಗಿ ಇಳಿಯುತ್ತದೆ.

ಸಂಜೆ ತುಂಬ ಯೋಚಿಸಿದವಳಂತೆ ಮುಖ ಮಾಡಿಕೊಂಡು, "ಡಿಗ್ರಿ ಮುಗಿಸಿ ಆಮೇಲೆ ಹೋಗೂದು ಶಾಣ್ಯಾತನ" ಅಂದೆ. ಮಧುರಾ ನನ್ನನ್ನೇ ನೋಡಿದಳು. ಕಲ್ಮೇಶ್ ಮಾತ್ರ ಒಪ್ಪಲಿಲ್ಲ.

"ಮಾಡೂದಾದ್ರ ಒಂದನೇ ನಂಬರಿಂದು ಮಾಡ್ಬೇಕು. ವೆಸ್ಟ್ ಪಾಯಿಂಟ್ ಸೀಟು ಸಿಕ್ರ ಹೋಗ್ಲಿ. ಉಳದದ್ದರ ಮಾತು ಬ್ಯಾಡ."

ಸೇತುವೆಗಳನ್ನು ಲೆಕ್ಕ ಹಾಕುವ ಈ ಎಂಜಿನಿಯರಿಗೆ ಜಗತ್ತೆಲ್ಲ ಇನ್ನೂ ಸಿಇಟಿ ರ್‍ಯಾಂಕ್ ಪಟ್ಟಿಯೇ. ಮೇಲಿನ ಕಾಲೇಜು, ಕೆಳಗಿನ ಕಾಲೇಜು, ಅದರ ನಡುವೆ ಮನುಷ್ಯರು.

2015 ಸೆಪ್ಟೆಂಬರ್ 19, ಶನಿವಾರ

ವೆಸ್ಟ್ ಪಾಯಿಂಟಿಗೆ ಓಟ, ದಂಡ ಹೊಡೆಯುವುದು ಎಲ್ಲದರ ಪರೀಕ್ಷೆ ಇದೆ. ಮಧುರಾ ದಿನಾ ಬೆಳಗ್ಗೆ ಕತ್ತಲಲ್ಲೇ ಓಡಲು ಹೊರಟಿದ್ದಾಳೆ. ನಮ್ಮ ಬಡಾವಣೆ ಎಜುಕೇಶನ್ ಹಿಲ್ ಬರೀ ಹೆಸರಿಗೆ ಗುಡ್ಡವಲ್ಲ, ಒಮ್ಮೆ ಇಳಿದರೆ ಹತ್ತಲು ಏದುಸಿರು ಬರುತ್ತದೆ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಕಾರಿನಲ್ಲಿ ಹಿಂದೆ ಹಿಂದೆ ಹೋದೆ, ಹೆಡ್‌ಲೈಟ್ ಹಾಕಿಕೊಂಡು. ಎದುರಿನ ಮನೆಯಾತ ನಾಯಿ ಹಿಡಿದುಕೊಂಡು ನಿಂತೇಬಿಟ್ಟ, ಹುಡುಗಿಯನ್ನು ಯಾರೋ ಬೆನ್ನಟ್ಟಿದ್ದಾರೆಂದು. ಕಿಟಕಿ ಇಳಿಸಿ, ತಾಯಿ ಎಂದು ಹೇಳಬೇಕಾಯಿತು.

2015 ಅಕ್ಟೋಬರ್ 3, ಶನಿವಾರ

ಮನೆಯಲ್ಲಿ ಜಗಳ. ವೆಸ್ಟ್ ಪಾಯಿಂಟಿಗೆ ಅರ್ಜಿ ಹಾಕಿದರಷ್ಟೇ ಸಾಲದಂತೆ, ನಮ್ಮ ಭಾಗದ ಸಂಸದರೋ ಸೆನೆಟರೋ ಹೆಸರು ಸೂಚಿಸಬೇಕಂತೆ. ಅದನ್ನು ಕೇಳಿದ್ದೇ ಕಲ್ಮೇಶ್ ಮುಖ ಕೆಂಪಾಯಿತು.

"ಎಂಪಿ ಚೀಟಿ ತಂದ್ರ ಸೀಟು ಅಂದ್ರ ಅದು ವಶೀಲಿ. ನಾ ಹಾಸ್ಟೆಲಿಗೆ ಅರ್ಜಿ ಹಾಕಿದಾಗ ನನಗಿಂತ ಕಡಿಮಿ ಮಾರ್ಕ್ಸ್ ತಗೊಂಡಾವ ಎಮ್ಮೆಲ್ಲೆ ಚೀಟಿ ತಂದು ಒಳಗ ಹ್ವಾದ. ನಾ ಬಸ್ ಸ್ಟ್ಯಾಂಡಿನ್ಯಾಗ ಓದಿ ಪಾಸಾದೆ. ನನ್ನ ಮಗಳು ಯಾರ ಬಾಗಲಾಗೂ ಹೋಗಿ ನಿಂದ್ರೂದಿಲ್ಲ."

ಮಧುರಾ ಅದು ಹಾಗಲ್ಲ ಎಂದು ಎಷ್ಟು ಹೇಳಿದರೂ ಇವರ ಕಿವಿಗೆ ಬೀಳಲಿಲ್ಲ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಸುಮ್ಮನೆ ಪಾತ್ರೆ ತೊಳೆದೆ. ಕೊನೆಯ ದಿನಾಂಕ ಹತ್ತಿರ ಬಂದಿದೆ. ಅದು ದಾಟಿದರೆ ನನ್ನ ಮೂರನೇ ದಾರಿ ತಾನಾಗಿ ಗೆಲ್ಲುತ್ತದೆ. ಸುಮ್ಮನಿರುವುದರಲ್ಲಿ ನನಗೆ ನಷ್ಟವೇನಿಲ್ಲ.

2015 ಅಕ್ಟೋಬರ್ 4, ರವಿವಾರ

ಸುಮ್ಮನಿರಲು ಆಗಲಿಲ್ಲ. ಬಾಗಿಲ ಹಿಂದೆ ಅವಳು ಮೂಗು ಸೀಟುವುದು ಕೇಳಿಸಿತು. ಸ್ನೊಕ್ವಾಲ್ಮಿಯ ಫೆಲಿಕ್ಸ್ ಅವರಿಗೆ ಫೋನ್ ಹಚ್ಚಿ ಇವರ ಕೈಗೆ ಕೊಟ್ಟೆ. ಫೆಲಿಕ್ಸ್ ಕುಂದಾಪುರದ ಕಡೆಯವರು, ಇವರ ಹಳೆಯ ಸಹೋದ್ಯೋಗಿ. ಅವರ ಮಗಳು ಲವೀನಾ ಈಗ ಇಲ್ಲೇ ಟಕೋಮಾದ ದಕ್ಷಿಣಕ್ಕಿರುವ ನೆಲೆಯಲ್ಲಿ ಸೈನ್ಯದ ಅಧಿಕಾರಿ. ಸ್ಪೀಕರ್ ಹಾಕಿದ್ದರಿಂದ ನಾವೆಲ್ಲ ಕೇಳಿದೆವು.

"ಎಂತ ಕಲ್ಮೇಶ್, ಚೀಟಿಯೂ ಇಲ್ಲ, ಗೀಟಿಯೂ ಇಲ್ಲ ಮಾರಾಯ್ರೆ. ಮಕ್ಕಳು ಅರ್ಜಿ ಹಾಕ್ಲಿಕ್ಕುಂಟು, ಇಂಟರ್‌ವ್ಯೂ ಉಂಟು. ಊರಿನ ನಾಲ್ಕು ಜನ ಕೂತು ಪ್ರಶ್ನೆ ಕೇಳ್ತಾರೆ. ಒಳ್ಳೆಯವರ ಹೆಸರು ಮೇಲೆ ಹೋಗ್ತದೆ. ನಿಮ್ಮ ಎಂಪಿಗೆ ನೀವು ಯಾರು ಅಂತಲೇ ಗೊತ್ತಿರೂದಿಲ್ಲ."

"ಹಂಗಾದ್ರ ಇದು ಪರೀಕ್ಷೆ" ಅಂದರು ಇವರು, ಮೆತ್ತಗಾಗಿ.

"ಪರೀಕ್ಷೆಯೇ."

ಅಷ್ಟು ಸಾಕಾಯಿತು. ಸಂಜೆಯೊಳಗೆ ಇವರು ಮಗಳಿಗೆ ಸಂದರ್ಶನದ ತಾಲೀಮು ಶುರು ಮಾಡಿಯೇಬಿಟ್ಟರು. ಪರೀಕ್ಷೆ ಅಂದರೆ ನಮ್ಮ ಮನೆಯಲ್ಲಿ ಹಬ್ಬ ಬಂದ ಹಾಗೆ.

2015 ನವೆಂಬರ್ 8, ರವಿವಾರ

ಕಾರಿನಿಂದ ಇಳಿದಿದ್ದೇನೆ. ಒಳಗೆ ಕೂತರೆ ಗಾಜಿಗೆ ಮಂಜು ಹಿಡಿದು ಅವಳು ಕಾಣಿಸುವುದಿಲ್ಲ. ಈಗ ಶಾಲೆಯ ಮೈದಾನದ ತುದಿಯಲ್ಲಿ ಕೊಡೆ ಹಿಡಿದು ನಿಂತು ಫೋನಿನಲ್ಲಿ ಅವಳ ಹೊತ್ತು ಅಳೆಯುತ್ತೇನೆ. ಇವತ್ತು ಕೊನೇ ಸುತ್ತಿನಲ್ಲಿ ನಿಧಾನವಾದಳು. "ಎಡಗೈ ಜೋತು ಬಿಡಬ್ಯಾಡ" ಎಂದು ಕೂಗಿದೆ. ನನಗಿದೆಲ್ಲ ಹೇಗೆ ಗೊತ್ತು ಎಂದು ಅವಳಿಗೆ ನಗು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ, ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಮಾತ್ರ ಹೋಗುತ್ತಿದ್ದೇನೆ.

2015 ನವೆಂಬರ್ 18, ಬುಧವಾರ

ನಿನ್ನೆಯ ಬಿರುಗಾಳಿಗೆ ಬೀದಿಯ ಕೊನೆಯ ಫರ್ ಮರ ಬಿದ್ದಿದೆ. ಕರೆಂಟಿಲ್ಲ. ಓಟ ನಿಲ್ಲಲಿಲ್ಲ.

2015 ನವೆಂಬರ್ 21, ಶನಿವಾರ

ಸಂದರ್ಶನದ ದಿನ. ಕಲ್ಮೇಶ್ ಸೂಟು ಹಾಕಿದ್ದರು, ಇವರನ್ನೇ ಆರಿಸುತ್ತಾರೇನೋ ಎಂಬಂತೆ. ಅತ್ತೆ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿದರು, ಅವಳು ಕಾರಿನಲ್ಲಿ ಒರೆಸಿಕೊಳ್ಳದೆ ಸ್ವಲ್ಪ ಕೂದಲು ಅದರ ಮೇಲೆ ಎಳೆದುಕೊಂಡಳು. ನಾನು ಊರಿನಿಂದ ಬಂದ ಕರದಂಟಿನ ಪೊಟ್ಟಣ ತೆಗೆದುಕೊಂಡೆ. ಯಾರಲ್ಲಿಗೂ ಬರಿಗೈಯಲ್ಲಿ ಹೋಗಿ ನನಗೆ ರೂಢಿಯಿಲ್ಲ.

ಬಾಗಿಲಲ್ಲಿ ಕೂತಿದ್ದ ಬಿಳಿ ಕೂದಲಿನ ಹೆಂಗಸಿಗೆ ಪೊಟ್ಟಣ ನೀಡಿದೆ. ಆಕೆ ನಗುತ್ತಲೇ ಎರಡೂ ಕೈ ಹಿಂದೆ ಸರಿಸಿ, ದಯವಿಟ್ಟು ಬೇಡ, ನಾವು ಏನೂ ತೆಗೆದುಕೊಳ್ಳುವ ಹಾಗಿಲ್ಲ ಎಂದಳು. ಮತ್ತೆ, ತಂದೆತಾಯಿ ಒಳಗೆ ಬರುವುದಿಲ್ಲ, ಬೇಕಾದರೆ ಹೊರಗೆ ಕಾಯಬಹುದು ಎಂದಳು. ಅಲ್ಲಿ ಬೇರೆ ಯಾರ ತಂದೆತಾಯಿಯೂ ಇರಲಿಲ್ಲ.

ಕಾರಿನಲ್ಲಿ ಕೂತು ಇವರು, "ನಾ ವಶೀಲಿ ಬ್ಯಾಡಂದ್ರ ನೀ ಲಂಚಾನ ತಂದಿ" ಅಂದರು. ಇಬ್ಬರೂ ನಕ್ಕು ಆ ಲಂಚವನ್ನು ನಾವೇ ತಿಂದು ಮುಗಿಸಿದೆವು.

ಮಧುರಾ ಹೊರಗೆ ಬಂದಾಗ ನಗು ನಿಂತಿತು. ಬೆಲ್ಟ್ ಹಾಕಿಕೊಂಡು ಕಿಟಕಿ ಕಡೆ ನೋಡುತ್ತ ಕೂತಳು. ಮನೆಯ ಮುಂದೆ ಕಾರು ನಿಂತ ಮೇಲೆ ಹೇಳಿದಳು.

"ಎಲ್ಲಾ ಚೆನ್ನಾಗೇ ಹೋಗ್ತಿತ್ತು. ಕೊನೆಗೆ ಒಬ್ಬರು ಕೇಳಿದ್ರು, ಇಲ್ಲಿ ಸೀಟು ಸಿಗದಿದ್ರೆ ಬೇರೆ ಯಾವ ದಾರಿಯಿಂದ ಆಫೀಸರ್ ಆಗ್ತೀಯ ಅಂತ. ನಾನು, ಅಪ್ಪನನ್ನ ಕೇಳಿ ಹೇಳ್ತೀನಿ ಅಂದೆ."

"ಛಲೋ ಹೇಳೀದಿ" ಅಂದೆ. ನಮ್ಮ ಊರಿನಲ್ಲಿ ಹೆಣ್ಣುಮಕ್ಕಳು ಹೀಗೆ ಉತ್ತರ ಕೊಟ್ಟರೆ ಎಂಥ ಸಂಸ್ಕಾರ ಎಂದು ಹಿರಿಯರು ತಲೆದೂಗುತ್ತಾರೆ.

"ಅಮ್ಮ, ಅವರು ಬರೆಯೋದು ನಿಲ್ಲಿಸಿ ನನ್ನ ನೋಡಿದ್ರು. ಮೂವತ್ತು ಜನ ಸೈನಿಕರನ್ನ ನಡೆಸ್ಬೇಕಾದೋಳು ಅಪ್ಪನನ್ನ ಕೇಳಿ ಹೇಳ್ತೀನಿ ಅಂತಾಳೆ."

ಕಲ್ಮೇಶ್ ಸ್ಟೀರಿಂಗಿನಿಂದ ಕೈ ತೆಗೆಯಲೇ ಇಲ್ಲ. ಉಳಿದ ದಾರಿಗಳ ಮಾತೇ ಬೇಡ ಎಂದು ಬಾಯಿ ಮುಚ್ಚಿಸಿದ್ದವರು ತಾವೇ ಎಂದು ಅವರಿಗೂ ಗೊತ್ತಾಗಿತ್ತು.

2015 ಡಿಸೆಂಬರ್ 3, ಗುರುವಾರ

ಸೈನ್ಯದ ಎಲ್ಲ ಕೆಲಸಗಳೂ, ಮುಂಚೂಣಿಯ ಯುದ್ಧದ ಕೆಲಸವೂ ಇನ್ನು ಹೆಂಗಸರಿಗೆ ತೆರೆದಿವೆ ಎಂದು ಇವತ್ತು ಸುದ್ದಿ. ಲ್ಯಾಬಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

2015 ಡಿಸೆಂಬರ್ 18, ಶುಕ್ರವಾರ

ಆಗಲಿಲ್ಲ. ಹೆಸರು ಮೇಲೆ ಹೋಗಲಿಲ್ಲವೆಂದು ತಿಳಿಸಿದ್ದಾರೆ. ಕಲ್ಮೇಶ್ ಊಟ ಬಿಟ್ಟರು. ಮಧುರಾ ಅಳಲಿಲ್ಲ. ಶಾಂತವಾಗಿ ನನ್ನ ಹತ್ತಿರ ಬಂದು, "ನೀನು ಹೇಳಿದ ಹಾಗೇ ಮಾಡ್ತೀನಿ ಅಮ್ಮ. ಡಿಗ್ರಿ ಮುಗಿಸ್ತೀನಿ. ಆಮೇಲೆ ನೋಡೋಣ" ಅಂದಳು.

ಗೆದ್ದೆ. ನಾಳೆ ಹೋಳಿಗೆ ಮಾಡುತ್ತೇನೆ.

2015 ಡಿಸೆಂಬರ್ 19, ಶನಿವಾರ

ಹೋಳಿಗೆ ಮಾಡಿದೆ. ಯಾರೂ ಎರಡನೆಯದು ಕೇಳಲಿಲ್ಲ. ನನಗೂ ಸೇರಲಿಲ್ಲ.

2015 ಡಿಸೆಂಬರ್ 25, ಶುಕ್ರವಾರ

ಫೆಲಿಕ್ಸ್ ಅವರ ಮನೆಯಲ್ಲಿ ಕ್ರಿಸ್ಮಸ್ ಊಟ. ಸ್ನೊಕ್ವಾಲ್ಮಿಯಲ್ಲಿ ಆಗಲೇ ಹಿಮ ಬಿದ್ದಿತ್ತು. ನಮಗೆಂದು ಬೇರೆ ಪಾತ್ರೆಯಲ್ಲಿ ಪಲಾವ್ ಮಾಡಿದ್ದರು. ಲವೀನಾ ರಜೆಯಲ್ಲಿ ಮನೆಗೆ ಬಂದಿದ್ದಳು. ಹಳೇ ಸ್ವೆಟರ್ ಹಾಕಿಕೊಂಡು ಹಬ್ಬದ ಸಿಹಿ ಕಲ್ಕಲ್ ಮೆಲ್ಲುತ್ತಿದ್ದ ಆ ಹುಡುಗಿಯನ್ನು ನೋಡಿದರೆ ಯಾರೂ ಅಧಿಕಾರಿ ಎನ್ನಲಾರರು. ಅವಳು ಡಿಗ್ರಿ ಮುಗಿಸಿ ಮೂರನೇ ದಾರಿಯಿಂದ ಹೋದವಳು.

ಕಲ್ಮೇಶ್ ತಡೆಯಲಾರದೆ ಕೇಳಿದರು, "ನಿಮ್ಮಲ್ಲಿ ವೆಸ್ಟ್ ಪಾಯಿಂಟಿನವರಿಗೆ ಮೊದ್ಲು ಪ್ರಮೋಶನ್ ಕೊಡ್ತಾರಲ್ಲಮ್ಮಾ?"

ಲವೀನಾಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಇಲ್ಲ ಅಂಕಲ್. ಯಾವ ದಾರಿಯಲ್ಲಿ ಬಂದ್ರೂ ಮೊದ್ಲು ಸೆಕೆಂಡ್ ಲೆಫ್ಟಿನೆಂಟೇ, ಯೂನಿಫಾರ್ಮ್ ಮೇಲೆ ಹಾಕೋದು ಅದೇ ಒಂದು ಪಟ್ಟಿ. ನಮ್ಮಲ್ಲಿ ಮೂರೂ ಕಡೆಯಿಂದ ಬಂದವರಿದಾರೆ. ಒಂದು ವಾರ ಆದ್ಮೇಲೆ ಯಾರೂ ಕೇಳೂದಿಲ್ಲ."

"ರ್‍ಯಾಂಕ್ ಲಿಸ್ಟ್ ಇಲ್ಲ?"

"ನಿಮ್ಮ ಜನ ನಿಮ್ಮ ಮಾತು ಕೇಳ್ತಾರೋ ಇಲ್ವೋ, ಅದೇ ಲಿಸ್ಟ್."

ಬರುವಾಗ ಐ-90 ಹೆದ್ದಾರಿಯಲ್ಲಿ ಇವರು ಒಮ್ಮೆ, "ಅದ ಒಂದು ಪಟ್ಟಿಯಂತ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮಧುರಾ ಹಿಂದೆ ಕೂತು ಕಣ್ಣು ಮುಚ್ಚಿದ್ದಳು, ನಿದ್ದೆ ಮಾಡಿರಲಿಲ್ಲ.

2016 ಜನವರಿ 17, ರವಿವಾರ

ಅವಳು ಓಡುವುದನ್ನು ಬಿಟ್ಟಿದ್ದಾಳೆ. ಶೂ ಬಾಗಿಲ ಹತ್ತಿರವೇ ಇವೆ, ಅತ್ತೆ ದಿನಾ ಎಡವುತ್ತಾರೆ. ಯಾವುದಕ್ಕೂ ಎದುರು ಮಾತಿಲ್ಲ. ಊಟಕ್ಕೆ ಬಾ ಅಂದರೆ ಹೂಂ, ಕಂಪ್ಯೂಟರ್ ಸೈನ್ಸ್ ತೆಗೆದುಕೋ ಅಂದರೆ ಹೂಂ, ಆ ಬಣ್ಣ ಬೇಡ ಈ ಬಣ್ಣ ಹಾಕು ಅಂದರೂ ಹೂಂ. ಹದಿನೇಳು ವರ್ಷ ಇವಳು ಹೀಗೆ ಮಾತು ಕೇಳಲಿ ಎಂದು ಹರಕೆ ಹೊರುವುದೊಂದು ಬಾಕಿಯಿತ್ತು. ಈಗ ಕೇಳುತ್ತಿದ್ದಾಳೆ, ನನಗೆ ಅದನ್ನು ಸಹಿಸಲಾಗುತ್ತಿಲ್ಲ.

ಬೆಳಗ್ಗೆ ಮೈದಾನಕ್ಕೆ ನಾನೊಬ್ಬಳೇ ಹೋಗುತ್ತೇನೆ. ಸಕ್ಕರೆಗಾಗಿ.

2016 ಫೆಬ್ರವರಿ 13, ಶನಿವಾರ

ಇವತ್ತು ಅಡುಗೆಮನೆಯಲ್ಲಿ ಒಂದು ಮಾತಾಯಿತು, ಮರೆಯುವ ಮುಂಚೆ ಬರೆದಿಡಬೇಕು. ಅತ್ತೆ ಮುಂದಿನ ತಿಂಗಳು ಊರಿಗೆ ಹೊರಡುವವರು, ಮೊಮ್ಮಗಳಿಗೆ ರೊಟ್ಟಿ ಬಡಿಯಲು ಕಲಿಸುತ್ತಿದ್ದರು. ನಾನು ಬದಿಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಹಿಟ್ಟು ತಟ್ಟುತ್ತಲೇ ಅತ್ತೆ ಕೇಳಿದರು.

"ಅಲ್ಲವಾ ಮಧೂ, ಆ ಮಿಲಿಟರಿ ನಿನಗ್ಯಾಕ ಬೇಕಾಗಿತ್ತ?"

ಐದು ತಿಂಗಳಿಂದ ಯಾವ ದಾರಿ, ಯಾವ ದಾರಿ ಎಂದು ಬಡಿದಾಡಿದ್ದೇವೆ. ಯಾಕೆ ಎಂದು ನಾವಿಬ್ಬರೂ ಒಮ್ಮೆಯೂ ಕೇಳಿರಲಿಲ್ಲ. ಮಧುರಾ ಅಜ್ಜಿಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು, ತಡವರಿಸುತ್ತ. ಇದು ನಾನು ಮಾಡಿದ ಕನ್ನಡವಲ್ಲ, ಅವಳದೇ.

"ಅಜ್ಜಿ, ಓಸೋ ಅಂತ ಊರು. ಗುಡ್ಡ ಬಿತ್ತು. ಮನೆ ಎಲ್ಲಾ ಮಣ್ಣು ಒಳಗೆ. ನಾವು ಸ್ಕೂಲಿಂದ ಊಟ ಕೊಡೋಕೆ ಹೋಗಿದ್ವಿ. ಒಬ್ಬಳು ಲೆಫ್ಟಿನೆಂಟ್ ಇದ್ದಳು. ಚಿಕ್ಕವಳು. ಅವಳ ಜನ ಹುಡುಕಿ ಹುಡುಕಿ ಸುಸ್ತು, ಅಳ್ತಿದ್ರು. ಅವಳು ಎಲ್ಲರನ್ನ ಕೂರಿಸಿದಳು. ಒಬ್ಬೊಬ್ಬರಿಗೆ ಪ್ಲೇಟ್ ಕೊಟ್ಟಳು, ಹೆಸರು ಹೇಳಿ. ಎಲ್ಲರೂ ತಿಂದ ಮೇಲೆ ಅವಳು ತಿಂದಳು. ಆಮೇಲೆ ಎಲ್ಲರೂ ಮತ್ತೆ ಎದ್ದರು, ಹೋದರು. ನನಗೆ ಅದು ಬೇಕು."

ಓಸೋದ ಗುಡ್ಡ ಕುಸಿದದ್ದು ಎರಡು ವರ್ಷದ ಹಿಂದೆ. ಆ ದಿನ ಮನೆಗೆ ಬಂದವಳು ಸ್ನಾನ ಮಾಡಿ ಮಲಗಿಬಿಟ್ಟಿದ್ದಳು. ದಣಿದಿದ್ದಾಳೆ ಎಂದುಕೊಂಡಿದ್ದೆ.

ಅತ್ತೆ ರೊಟ್ಟಿ ಹಂಚಿಗೆ ಹಾಕಿದರು. "ಎಲ್ಲಾರೂ ಉಂಡ ಮ್ಯಾಲ ಉಣ್ಣೂದು ನಿಮ್ಮವ್ವ ದಿನಾ ಮಾಡ್ತಾಳ. ನಾನೂ ಮಾಡೇನಿ. ನಮಗ ಯಾರೂ ಪಟ್ಟಿ ಹಚ್ಚಲಿಲ್ಲ." ರೊಟ್ಟಿಗೆ ನೀರು ಸವರಿ ತಿರುವಿ ಹಾಕಿದರು. "ನಿನಗ ಹಚ್ತಾರಂದ್ರ ಹೋಗು. ಯಾರನ್ನ ಕೇಳ್ತಿ?"

ನನಗೆ ಕಣ್ಣು ತುಂಬಿ ಬಂತು. ಬದನೆಕಾಯಿ ಹೆಚ್ಚುವಾಗ ಅಳುವವರನ್ನು ಯಾರೂ ನೋಡಿಲ್ಲ, ಆದ್ದರಿಂದ ಹಿತ್ತಲಿಗೆ ಹೋದೆ.

2016 ಫೆಬ್ರವರಿ 14, ರವಿವಾರ

ಎರಡನೇ ದಾರಿಯಾದ ಆರ್‌ಒಟಿಸಿಗೆ ಅರ್ಜಿ ಹಾಕಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ ಎಂದು ಫೆಲಿಕ್ಸ್ ಹೇಳಿದರು. ತರಕಾರಿಗೆ ಹೋಗುವಾಗ ಕಾರಿನಲ್ಲಿ ಮಧುರಾಗೆ ಹೇಳಿದೆ.

"ಆಮ್ಯಾಲ ನೋಡೂಣು ಅಂತ ಬಿಡಬ್ಯಾಡ. ನಾಕು ವರ್ಷ ಅಂದ್ರ ಸಣ್ಣದಲ್ಲ. ಅಷ್ಟರಾಗ ಒಂದು ನೌಕರಿ ಸಿಗತೈತಿ, ಗೆಳತ್ಯಾರು ಬದಲಾಕ್ಕಾರ, ಒಬ್ಬ ಹುಡುಗನೂ ಸಿಗಬಹುದು. ಮನಸ್ಸು ತಾನ ಆರಿ ಹೋಕ್ಕೈತಿ. ಅದಕ್ಕ ಬಿಡಬ್ಯಾಡ."

ಎಷ್ಟು ಸರಿಯಾದ ಮಾತು ಆಡಿದೆ ಎಂದು ನನಗೇ ಹೆಮ್ಮೆಯಾಗಿತ್ತು. ಅವಳು ಸಿಗ್ನಲ್ ಕೆಂಪಾಗುವವರೆಗೂ ಕಾದು, "ಮೊದ್ಲು ಅಪ್ಪ ಒಂದು ದಾರಿ ಹೇಳಿದ್ರು. ನೀನು ಒಂದು ಹೇಳಿದೆ. ಈಗ ಇನ್ನೊಂದು ಹೇಳ್ತಿದೀಯ. ನಾನು ಯಾವಾಗ ಹೇಳ್ಲಿ ಅಮ್ಮ?" ಎಂದಳು.

ಕೋಪದಿಂದ ಹೇಳಿದ್ದರೆ ತಿರುಗಿ ಬೈಯಬಹುದಿತ್ತು. ಮೆತ್ತಗೆ ಹೇಳಿದಳು, ನನಗೆ ಚುರುಕ್ಕೆಂದಿತು. ಇನ್ನು ಈ ವಿಷಯ ಎತ್ತುವುದಿಲ್ಲ. ಕಲ್ಮೇಶ್‌ಗೂ ತಾಕೀತು ಮಾಡಿದ್ದೇನೆ.

2016 ಫೆಬ್ರವರಿ 17, ಬುಧವಾರ

ಮಧುರಾ ಏನೂ ಹೇಳಲಿಲ್ಲ.

2016 ಫೆಬ್ರವರಿ 20, ಶನಿವಾರ

ಇವತ್ತೂ ಹೇಳಲಿಲ್ಲ. ಕಲ್ಮೇಶ್ ಊಟದ ನಡುವೆ "ಮಧುರಾ, ಮತ್ತ..." ಎಂದು ಶುರು ಮಾಡಿದರು. ಮೇಜಿನ ಕೆಳಗೆ ಕಾಲು ತುಳಿದೆ. "ಮತ್ತ ಉಪ್ಪು ಕೊಡು" ಅಂದರು. ನಾಲಿಗೆ ಕಟ್ಟಿಕೊಂಡಿರುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟ. ಅವಳು ಏನು ಮಾಡುತ್ತಾಳೋ ಗೊತ್ತಿಲ್ಲ. ಏನೂ ಮಾಡದೆ ಬಿಟ್ಟರೆ ಆ ಪಾಪ ನನ್ನದು, ಸೆಪ್ಟೆಂಬರಿನಲ್ಲಿ ಆ ಆಲೋಚನೆ ಅವಳ ತಲೆಗೆ ತುಂಬಿದವಳು ನಾನೇ.

2016 ಫೆಬ್ರವರಿ 25, ಗುರುವಾರ

ಬೆಳಗ್ಗೆ ಮೈದಾನದಲ್ಲಿ ಒಬ್ಬಳೇ ನಡೆಯುತ್ತಿದ್ದೆ, ಜಿಟಿಜಿಟಿ ಮಳೆ. ಹಿಂದಿನಿಂದ ಹೆಜ್ಜೆ ಸಪ್ಪಳ ಬಂತು. ಹತ್ತಿರ ಬಂದು, ನನ್ನನ್ನು ದಾಟಿ, ಮುಂದೆ ಹೋಯಿತು. ದಾಟುವಾಗ ಅವಳು ಹೇಳಿದ್ದು ಇಷ್ಟೇ.

"ಅರ್ಜಿ ನಿನ್ನೆ ಹಾಕಿದೆ. ಯಾರನ್ನೂ ಕೇಳ್ಲಿಲ್ಲ."

ನಾನು ಫೋನ್ ತೆಗೆದು ಅವಳ ಹೊತ್ತು ಅಳೆಯಲು ಶುರು ಮಾಡಿದೆ. ಕೆಲಸಕ್ಕೆ ತಡವಾಯಿತು, 405 ಹೆದ್ದಾರಿಯಲ್ಲಿ ವಾಹನಗಳು ಇಂಚಿಂಚು ಸರಿಯುತ್ತಿದ್ದವು. ಆದರೂ ಇಡೀ ದಾರಿ ಗುನುಗುತ್ತ ಹೋದೆ.

2016 ಏಪ್ರಿಲ್ 16, ಶನಿವಾರ

ಆಯ್ಕೆಯಾದಳು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಮನಸ್ಸು ಬದಲಾದರೆ ಬಿಟ್ಟು ಬರಬಹುದಂತೆ. ಇವತ್ತು ಯೂನಿವರ್ಸಿಟಿಯಲ್ಲಿ ಅವರ ಕಚೇರಿಗೆ ಹೋಗಿದ್ದೆವು. ಈ ಸಲ ತಂದೆತಾಯಿಯನ್ನೂ ಒಳಗೆ ಕರೆದರು. ಅಲ್ಲಿನ ಕ್ಯಾಪ್ಟನ್ ಒಬ್ಬ ಹೆಂಗಸು, ನನ್ನ ಎದೆಯೆತ್ತರ. ಮಧುರಾ ಜೊತೆಗೇ ಬಹಳ ಹೊತ್ತು ಮಾತಾಡಿದಳು. ಕಲ್ಮೇಶ್ ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದರು, ಪಾಪ.

ಕೊನೆಗೆ ಕ್ಯಾಪ್ಟನ್ ನನ್ನ ಕಡೆ ತಿರುಗಿ, ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದಳು. ವಾರದಿಂದ ಪ್ರಶ್ನೆಗಳನ್ನು ಕೂಡಿಟ್ಟಿದ್ದೆ. ಯುದ್ಧಕ್ಕೆ ಕಳಿಸುತ್ತೀರಾ, ಎಲ್ಲಿಗೆ, ಏನಾದರೂ ಆದರೆ ಯಾರು ಫೋನ್ ಮಾಡುತ್ತೀರಿ. ಬಾಯಿಗೆ ಬಂದದ್ದು ಬೇರೆಯೇ.

"ಡ್ರಿಲ್ ಅಷ್ಟು ಬೆಳಗ್ಗೆ ಅಂದರೆ, ಮಳೆಯಲ್ಲಿ ಒದ್ದೆಯಾದ ಶೂ ಒಣಗಿಸಲು ಇಲ್ಲಿ ಜಾಗ ಇದೆಯೇ?"

ಕ್ಯಾಪ್ಟನ್ ಇದೆ ಎಂದು ಎದ್ದು ಹೋಗಿ ತೋರಿಸಿದಳು. ಒಳ್ಳೆಯ ಜಾಗ, ಗಾಳಿಯಾಡುತ್ತದೆ. ಮಧುರಾ ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದುಕೊಂಡು ಕಾರಿನವರೆಗೂ ನಡೆದಳು. ಯಾಕೆಂದು ಗೊತ್ತಿಲ್ಲ, ಸಾಮಾನ್ಯವಾಗಿ ಹೊರಗಡೆ ಅವಳು ನಮ್ಮಿಂದ ನಾಲ್ಕು ಹೆಜ್ಜೆ ಮುಂದೆಯೇ ಇರುತ್ತಾಳೆ.

2016 ಸೆಪ್ಟೆಂಬರ್ 29, ಗುರುವಾರ

ಹಾಸ್ಟೆಲಿನಲ್ಲಿ ಬಿಟ್ಟು ಬಂದು ಒಂದು ವಾರವಾಯಿತು. ಸೇತುವೆ ದಾಟಿದರೆ ಅವಳು, ಆದರೂ ಮನೆ ಬಿಕೋ ಅನ್ನುತ್ತದೆ. ಒಂದು ವಿಷಯ ಮಾತ್ರ ಕೊರೆಯುತ್ತಿದೆ. ಅರ್ಜಿ ಹಾಕಿದ್ದು ಅವಳೇ, ನಿಜ. ಆದರೆ ಅದಕ್ಕೆ ಮುಂಚೆ ಕಾರಿನಲ್ಲಿ ಒತ್ತಾಯ ಮಾಡಿದವಳು ನಾನು. ಮೊದಲು ಅತ್ತ ತಳ್ಳಿದೆ, ಆಮೇಲೆ ಇತ್ತ ತಳ್ಳಿದೆ. ಅವಳು ನಿಂತಿರುವುದು ತಾನೇ ನಡೆದು ಹೋದ ಜಾಗದಲ್ಲೋ, ನಾನು ತಳ್ಳಿದ ಜಾಗದಲ್ಲೋ?

ಕಲ್ಮೇಶ್‌ಗೆ ಕೇಳಿದೆ. "ಆಕಿನ್ನ ಕೇಳು" ಅಂದರು. ಕೇಳುವ ಧೈರ್ಯವಿಲ್ಲ.

2016 ಅಕ್ಟೋಬರ್ 28, ಶುಕ್ರವಾರ

ಇವತ್ತು ಪ್ರಮಾಣವಚನ. ಸಣ್ಣ ಕೋಣೆ, ಒಂದು ಬಾವುಟ, ಏಳೆಂಟು ಮಕ್ಕಳು. ಬೇರೆಯವರ ತಂದೆತಾಯಿಯೂ ಬಂದಿದ್ದರು, ಒಬ್ಬಳು ತಾಯಿ ಸಮೋಸದಂಥದ್ದೇನೋ ಡಬ್ಬಿ ತುಂಬ ತಂದಿದ್ದಳು, ಅದನ್ನು ಎಲ್ಲರೂ ತೆಗೆದುಕೊಂಡರು. ಕಲ್ಮೇಶ್ ಸೂಟು ಹಾಕಿದ್ದರು. ಮಧುರಾ ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿ ಸಮವಸ್ತ್ರದಲ್ಲಿ ನಿಂತಿದ್ದಳು. ನನಗೆ ಅವಳ ಕಿವಿಗಳು ಮೊದಲ ಸಲ ಸರಿಯಾಗಿ ಕಂಡವು. ಥೇಟ್ ಅತ್ತೆಯ ಕಿವಿ.

ಕ್ಯಾಪ್ಟನ್ ಒಂದೊಂದು ತುಂಡು ಹೇಳುತ್ತಿದ್ದಳು, ಮಕ್ಕಳು ಬಲಗೈ ಎತ್ತಿ ಅದನ್ನೇ ಹೇಳುತ್ತಿದ್ದರು. ಸಂವಿಧಾನವನ್ನು ಕಾಪಾಡುತ್ತೇನೆ ಎನ್ನುವವರೆಗೂ ನಾನು ಸಮಾಧಾನವಾಗಿಯೇ ಇದ್ದೆ. ಆಮೇಲೆ ಆ ಮಾತು ಬಂತು, ಅದು ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಈ ಹೊಣೆಯನ್ನು ನಾನು ಸ್ವಂತ ಇಚ್ಛೆಯಿಂದ, ಮನಸ್ಸಿನಲ್ಲಿ ಯಾವ ಅಳುಕನ್ನೂ ಇಟ್ಟುಕೊಳ್ಳದೆ ಹೊರುತ್ತೇನೆ.

ನಾನು ಕೇಳಲು ಹೆದರಿದ್ದ ಪ್ರಶ್ನೆಯನ್ನು ಎಲ್ಲರೆದುರು ಅವಳಿಗೆ ಕೇಳಿದಂತಿತ್ತು. ಅವಳೊಬ್ಬಳ ದನಿಗಾಗಿ ಕಿವಿಗೊಟ್ಟೆ. ಏಳೆಂಟು ದನಿಗಳ ನಡುವೆ ಅವಳದು ಬೇರೆಯಾಗಿ ಕೇಳಿಸಿತು. ಸ್ವಂತ ಇಚ್ಛೆಯಿಂದ ಎಂದಳು. ತಡವರಿಸಲಿಲ್ಲ, ನಮ್ಮ ಕಡೆ ತಿರುಗಿ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಅಲ್ಲೇ ಇಳಿದುಹೋಯಿತು. ಹೆದರಿಕೆ ಹೋಗಿಲ್ಲ, ಅದು ಇರುತ್ತದೆ. ಆದರೆ ನಾನು ತಳ್ಳಿದ್ದಲ್ಲ, ಅವಳೇ ನಡೆದದ್ದು.

ಕಲ್ಮೇಶ್ ಮೊಣಕೈಯಿಂದ ನನ್ನನ್ನು ತಿವಿದು ಪಿಸುಗುಟ್ಟಿದರು, "ಕೈ ಇಳಸು. ನೀನೂ ಸೇರಾಕಿ ಏನು?"

ನೋಡಿದರೆ ನನ್ನ ಬಲಗೈ ಭುಜದ ಮಟ್ಟಕ್ಕೆ ಎದ್ದಿತ್ತು. ಯಾವಾಗ ಎತ್ತಿದೆನೋ ತಿಳಿಯದು. ಹೇಗೂ ಎತ್ತಿಯಾಗಿತ್ತು, ಅವಳ ಮಾತು ಮುಗಿಯುವವರೆಗೂ ಇಳಿಸಲಿಲ್ಲ.